ಸಹಾಯ ಬೇಕು: ಶ್ರಾಪ್‌ಶೈರ್ ಹಳ್ಳಿ ಮನೆ, ಆಯಿಲ್ ಬಾಯ್ಲರ್ ಮತ್ತು ಸೆಪ್ಟಿಕ್ ಟ್ಯಾಂಕ್

ನಮಸ್ಕಾರ. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಗೊತ್ತಾಗಿದೆ. ಊರಿಗೆ ಗ್ಯಾಸ್ ಪೈಪ್ ಇಲ್ಲ, ಒಳಚರಂಡಿಯೂ ಇಲ್ಲ. ಹಿತ್ತಲಲ್ಲಿ 1,200 ಲೀಟರಿನ ಸೀಮೆಎಣ್ಣೆ ಟ್ಯಾಂಕ್, ಮನೆ, ನೀರು ಬಿಸಿಮಾಡುವ ಬಾಯ್ಲರ್ ಅದರಿಂದಲೇ ನಡೆಯಬೇಕು. ಟ್ಯಾಂಕರಿನವರು ಸಾಮಾನ್ಯವಾಗಿ 500 ಲೀಟರಿಗಿಂತ ಕಡಿಮೆ ತರುವುದಿಲ್ಲ. ಗ್ಯಾಸ್, ವಿದ್ಯುತ್ ದರ ನಿಯಂತ್ರಿಸುವ ಸಂಸ್ಥೆಯಾದ ಆಫ್‌ಜೆಮ್‌ನ ಬೆಲೆ ಮಿತಿಯೂ ಈ ಎಣ್ಣೆಗೆ ಅನ್ವಯಿಸದು. ಟ್ಯಾಂಕ್ ಪೂರ್ತಿ ಬರಿದಾದರೆ ತಳದ ಕೆಸರು, ನೀರು ಪೈಪಿಗೆ ಇಳಿದು ಫಿಲ್ಟರ್ ಕಟ್ಟುತ್ತದೆ. ಲೈನಿಗೆ ಗಾಳಿ ಸೇರಿದರಂತೂ ಎಣ್ಣೆ ತುಂಬಿಸಿದ ಮೇಲೂ ಬಾಯ್ಲರ್ ಹೊತ್ತುವುದಿಲ್ಲ, ಮೊದಲು ಗಾಳಿ ತೆಗೆಯಬೇಕು. ಹಾಗಾಗಿ ಕಾಲು ಭಾಗಕ್ಕೆ ಇಳಿಯುವ ಮೊದಲೇ ಆರ್ಡರ್ ಮಾಡುವ ಯೋಚನೆ.

ಮೂರು ಬೆಡ್‌ರೂಮಿನ ಹಳೇ ಕಲ್ಲಿನ ಮನೆಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಷ್ಟು ಲೀಟರ್ ಬೇಕಾದೀತು? ಹಳ್ಳಿಯವರು ಒಟ್ಟಾಗಿ ಎಣ್ಣೆ ತರಿಸುವ ಆಯಿಲ್ ಕ್ಲಬ್‌ಗೆ ಬಾಡಿಗೆದಾರರನ್ನೂ ಸೇರಿಸಿಕೊಳ್ಳುತ್ತಾರಾ?

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಖರ್ಚನ್ನು ನಿಮ್ಮ ಕರಾರಿನಲ್ಲಿ ಯಾರ ಮೇಲೆ ಹಾಕಿದ್ದಾರೆ? ಒಗ್ಗರಣೆ ಎಣ್ಣೆ, ತುಪ್ಪ ಸಿಂಕಿಗೆ ಹೋದರೆ ಟ್ಯಾಂಕಿನಲ್ಲಿ ಗಟ್ಟಿ ಪದರವಾಗಿ ಕೊನೆಗೆ ಪೈಪ್ ಕಟ್ಟುತ್ತದೆ. ಬ್ಲೀಚ್ ಅತಿಯಾದರೆ ಕೊಳೆಯಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರೆಸಿಯೇ ತೊಳೆಯುತ್ತೇವೆ. ಅಷ್ಟು ಸಾಕಾ, ಸಿಂಕಿನ ಕೆಳಗೆ ಜಿಡ್ಡು ಹಿಡಿದಿಡುವ ಪೆಟ್ಟಿಗೆ (ಗ್ರೀಸ್ ಟ್ರ್ಯಾಪ್) ಬೇಕಾ? ಹಾಕಿಸಿದವರು ದಯವಿಟ್ಟು ಅಳತೆ ತಿಳಿಸಿ.