ಮನೆ ಸಾಲದ 5 ವರ್ಷದ ಫಿಕ್ಸ್ ಮುಗೀತಾ ಇದೆ, ಅದೇ ಬ್ಯಾಂಕಲ್ಲಿ ಮುಂದುವರಿಸಲಾ?

ಬೆಣ್ಣೆದೋಸೆ_ಲೆಸ್ಟರ್:
ನಮಸ್ಕಾರ. 2021ರಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ ಮನೆ ತಗೊಂಡಾಗ ಸಾಲಕ್ಕೆ 1.5%ಗೆ 5 ವರ್ಷದ ಫಿಕ್ಸ್ (ಅಷ್ಟು ವರ್ಷ ಬಡ್ಡಿ ಬದಲಾಗಲ್ಲ) ಸಿಕ್ಕಿತ್ತು. ಅಕ್ಟೋಬರ್ ಕೊನೆಗೆ ಮುಗಿಯುತ್ತೆ, ಇನ್ನು ಐದು ತಿಂಗಳು. 2 ಲಕ್ಷ ಪೌಂಡ್ ಬಾಕಿ, 25 ವರ್ಷ ಇದೆ. ಈಗ ತಿಂಗಳಿಗೆ 800 ಕಟ್ಟುತ್ತಿದ್ದೇನೆ. ಬ್ಯಾಂಕಿನ ಆ್ಯಪ್ ತೆಗೆದು ನೋಡಿದರೆ 4.5%, ಅಂದ್ರೆ ಹತ್ತಿರ ಹತ್ತಿರ 1,112! ಹೆಂಡತಿ ಹೆರಿಗೆ ರಜೆಯಲ್ಲಿದ್ದಾಳೆ, ಒಂದೇ ಸಂಬಳ. ಬಡ್ಡಿ ಇಳಿಯುತ್ತೇನೋ ಅಂತ ಕಾಯಲಾ, ಬೇರೆ ಬ್ಯಾಂಕಿಗೆ ಹೋಗಲಾ?

ಮಲ್ನಾಡ್_ಮಳೆ:
ಕಾಯಬೇಡಿ, ಈಗಲೇ ಒಂದು ರೇಟ್ ಬುಕ್ ಮಾಡಿಟ್ಟುಕೊಳ್ಳಿ. ಬುಕ್ ಮಾಡಿದ ಮಾತ್ರಕ್ಕೆ ಸಿಕ್ಕಿಹಾಕಿಕೊಂಡ ಹಾಗಲ್ಲ. ನಾನು ನಾಲ್ಕು ತಿಂಗಳು ಮೊದಲೇ ಮಾಡಿದ್ದೆ, ನಡುವೆ ರೇಟ್ ಇಳಿಯಿತು, ಆ್ಯಪ್‌ನಲ್ಲೇ ಹಳೆಯದು ಬಿಟ್ಟು ಹೊಸದು ಹಿಡಿದೆ, ಒಂದು ಪೆನ್ನಿ ಖರ್ಚಾಗಲಿಲ್ಲ. ಏನೂ ಮಾಡದೆ ಕೂತರೆ ನವೆಂಬರ್‌ನಿಂದ ಎಸ್‌ವಿಆರ್‌ಗೆ, ಅಂದ್ರೆ ಬ್ಯಾಂಕ್ ತಾನೇ ನಿಗದಿ ಮಾಡೋ, ಬದಲಾಗ್ತಾ ಇರೋ ಮಾಮೂಲಿ ಬಡ್ಡಿಗೆ ಬೀಳುತ್ತೀರಿ, ಅದು ಫಿಕ್ಸ್‌ಗಿಂತ ಸಾಮಾನ್ಯವಾಗಿ ತುಂಬಾ ಜಾಸ್ತಿ. ಒಂದೇ ಸಂಬಳ ಅಂದ್ರಲ್ಲ, ಹಾಗಾದ್ರೆ ಪ್ರಾಡಕ್ಟ್ ಟ್ರಾನ್ಸ್‌ಫರ್, ಅಂದ್ರೆ ಅದೇ ಬ್ಯಾಂಕಲ್ಲೇ ಹೊಸ ರೇಟಿಗೆ ಬದಲಾಗೋದು, ವಾಸಿ. ಸಾಲ ಜಾಸ್ತಿ ಕೇಳದೆ, ಅವಧಿ ಬದಲಿಸದೆ ಇದ್ದರೆ ಸಾಮಾನ್ಯವಾಗಿ ಪೇಸ್ಲಿಪ್ ಕೇಳಲ್ಲ, ಸಾಲಿಸಿಟರ್ (ವಕೀಲರು) ಕೂಡ ಬೇಡ. ಬೇರೆ ಬ್ಯಾಂಕಾದರೆ ಆದಾಯ, ಖರ್ಚು, ಮಗುವಿನ ನರ್ಸರಿ ಫೀಸು, ಎಲ್ಲ ಮೊದಲಿಂದ ಕೆದಕುತ್ತಾರೆ.

ಲೆಕ್ಕದಮೇಷ್ಟ್ರು:
ಕಡಿಮೆ ರೇಟ್ ಅಂತ ಮರುಳಾಗಬೇಡಿ, ಪಕ್ಕದಲ್ಲಿ ಫೀಸ್ ಎಷ್ಟು ಅಂತ ನೋಡಿ. 999 ಪೌಂಡ್ ಫೀಸ್ ಇದ್ದು 4.3%, ಫೀಸ್ ಇಲ್ಲದೆ 4.5% ಅಂತಿಟ್ಟುಕೊಳ್ಳಿ. ನಿಮ್ಮ ಸಾಲಕ್ಕೆ ವರ್ಷಕ್ಕೆ ಉಳಿಯೋದು 400ರ ಆಸುಪಾಸು. 2 ವರ್ಷದ ಫಿಕ್ಸ್ ಆದರೆ ನಷ್ಟ, 5 ವರ್ಷಕ್ಕಾದರೆ ಲಾಭ. ಫೀಸನ್ನು ಸಾಲಕ್ಕೇ ಸೇರಿಸಿದರೆ ಅದಕ್ಕೂ ಬಡ್ಡಿ ಓಡುತ್ತೆ.

ಚಾಮುಂಡಿಬೆಟ್ಟ:
ಇನ್ನೊಂದು ಮಾತು. ಊರಿಂದ ದುಡ್ಡು ತರಿಸಿ ಸಾಲಕ್ಕೆ ಮುಂಚೆಯೇ ಕಟ್ಟೋ ಯೋಚನೆ ಇದ್ದರೆ ಹುಷಾರು, ಫಿಕ್ಸ್ ಇರುವಾಗ ದಂಡ ಬೀಳಬಹುದು. ಮೈಸೂರಿನ ಸೈಟ್ ಮಾರಿದ 30,000 ಪೌಂಡನ್ನು ಹೋದ ವರ್ಷ ಖುಷಿಯಲ್ಲಿ ಒಂದೇ ಸಲ ಕಟ್ಟಿಬಿಟ್ಟೆ. ವರ್ಷಕ್ಕೆ ಬಾಕಿಯ 10% ತನಕ ಮಾತ್ರ ದಂಡ ಇಲ್ಲ ಅಂತ ಆಫರ್ ಲೆಟರ್‌ನಲ್ಲಿ ಇತ್ತು, ಅದನ್ನ ಓದಿದವರ್ಯಾರು? ಬಾಕಿ ಇದ್ದದ್ದು 1,80,000. ಮೇಲಿನ 12,000ಕ್ಕೆ 2% ಅಂತ 240 ಪೌಂಡ್ ಹೋಯ್ತು. ಡಿಸೆಂಬರ್‌ನಲ್ಲಿ ಅರ್ಧ, ಜನವರಿಯಲ್ಲಿ ಅರ್ಧ ಕಟ್ಟಿದ್ದರೆ ಅದೂ ಉಳಿಯುತ್ತಿತ್ತು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಬೆಣ್ಣೆದೋಸೆ_ಲೆಸ್ಟರ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗು ಮಲಗಿದ ಮೇಲೆ ಫೀಸ್ ಇಲ್ಲದ 2 ವರ್ಷದ್ದು ಬುಕ್ ಮಾಡಿದೆ, ಹತ್ತು ನಿಮಿಷವೂ ಹಿಡಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ರೇಟ್ ನೋಡ್ತೀನಿ.