ಪಾಸ್‌ವರ್ಡ್ ಇಲ್ಲದ ವೈಫೈ: ನೆರೆಹೊರೆಯವರಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ ಸಂಪರ್ಕಗಳು ಇನ್ನೂ ಕಾಣಿಸುತ್ತಿವೆ. ನಿವಾಸಿಗಳ ಸಂಘದ ಸಭೆಯಲ್ಲಿ, ಹಿರಿಯರಲ್ಲಿ ಹೆದರಿಕೆ ಹುಟ್ಟಿಸದೆ ಇದರ ಅಪಾಯವನ್ನು ಹೇಗೆ ವಿವರಿಸಬಹುದು?

ಉತ್ತರ 1: 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಸುದ್ದಿ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇಮೇಲ್, ನವಿ ಮುಂಬೈನ ಮನೆಯೊಂದರ ರಕ್ಷಣೆಯಿಲ್ಲದ ವೈಫೈ ಮೂಲಕ ಹೋಗಿತ್ತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ ತನಿಖೆ ಮೊದಲು ಬರುತ್ತದೆ ಎಂಬುದನ್ನು ಈ ಉದಾಹರಣೆಯಿಂದಲೇ ಶಾಂತವಾಗಿ ಹೇಳಬಹುದು.

ಉತ್ತರ 2: ಪಾಸ್‌ವರ್ಡ್ ಇದ್ದರಷ್ಟೇ ಸಾಲದು. 2001ರಲ್ಲೇ ದೋಷ ಬಯಲಾದ ಡಬ್ಲ್ಯೂಇಪಿ ಎಂಬ ಹಳೆಯ ವೈಫೈ ಭದ್ರತಾ ವಿಧಾನ ಬಿಟ್ಟು, ಅದರ ನಂತರದ ವಿಧಾನಗಳಾದ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಬೇಕು. ರೂಟರ್‌ನ ಸೆಟ್ಟಿಂಗ್ ತೆರೆಯಲು ಬೇಕಾದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಬೇಕು (ಹೆಚ್ಚಿನವರು ಮರೆಯುವುದು ಇದನ್ನೇ).

ಉತ್ತರ 3: ಸಭೆಯ ಬಳಿಕ ಸಂಘದ ಯುವಕರು ಮನೆಮನೆಗೆ ಹೋಗಿ ನೆರವಾಗಲಿ, ಆದರೆ ಹೊಸ ಪಾಸ್‌ವರ್ಡನ್ನು ಮನೆಯವರೇ ತಮ್ಮ ಕೈಯಾರೆ ನಮೂದಿಸಲಿ.