ಹಲ್ಲುನೋವು, ದಂತವೈದ್ಯರ ಭಯ: ದಂತವೈದ್ಯೆಯೊಡನೆ ಪ್ರಶ್ನೋತ್ತರ

ಸದಸ್ಯೆ, ಧಾರವಾಡ: ಡಾಕ್ಟರೇ, ನಮಸ್ಕಾರ. ನಮ್ಮ ಯಜಮಾನರ ಕೆಳಗಿನ ಕೊನೆಯ ದವಡೆಹಲ್ಲು ಹುಳುಕಾಗಿ ವಾರದಿಂದ ನೋಯುತ್ತಿತ್ತು. ಮೊನ್ನೆಯಿಂದ ನೋವು ತಾನಾಗಿಯೇ ಇಳಿದಿದೆ, ಆದರೆ ದವಡೆಯ ಕೆಳಗೆ ಬಾವು ಬಂದಿದ್ದು, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಬಾಲ್ಯದಲ್ಲಿ ಸರಿಯಾಗಿ ಮರಗಟ್ಟುವ ಮೊದಲೇ ಅವರ ಹಲ್ಲು ಕಿತ್ತಿದ್ದರಂತೆ. ಅಂದಿನಿಂದ ದಂತವೈದ್ಯರೆಂದರೆ ಬೆವರುತ್ತಾರೆ. ಇನ್ನೆರಡು ದಿನ ಕಾಯಬಹುದೇ?

ದಂತವೈದ್ಯೆ: ಖಂಡಿತ ಕಾಯಬೇಡಿ. ಹಲ್ಲಿನೊಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ, ಸೋಂಕು ಮಾತ್ರ ಬೇರಿನ ತುದಿಯಿಂದ ಹೊರಬಿದ್ದು ದವಡೆ, ಕುತ್ತಿಗೆಗಳತ್ತ ಹರಡುತ್ತಿರಬಹುದು. ನುಂಗಲು ಕಷ್ಟವಾದರೆ, ಜೊಲ್ಲು ಸುರಿದರೆ, ನಾಲಿಗೆ ಮೇಲಕ್ಕೆದ್ದಂತಾದರೆ ಅಥವಾ ದನಿ ಬದಲಾದರೆ ಕ್ಲಿನಿಕ್ಕಿಗೆ ಹೋಗದೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ 108ಕ್ಕೆ ಕರೆ ಮಾಡಿ.

ಅವರ ಭಯಕ್ಕೆ ಕಾರಣವಿದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಅಲ್ಲಿ ಮರಗಟ್ಟಿಸುವ ಔಷಧ ಸರಿಯಾಗಿ ಹಿಡಿಯುವುದಿಲ್ಲ. ಅಂದು ಹಾಗೆಯೇ ಆಗಿದ್ದಿರಬಹುದು. ಈ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ. ಸೂಜಿಗೆ ಮುಂಚೆ ಜೆಲ್ ಹಚ್ಚಲು, ಮರಗಟ್ಟಿದೆಯೇ ಎಂದು ಪರೀಕ್ಷಿಸಿಯೇ ಕೆಲಸ ಆರಂಭಿಸಲು, ಎಡಗೈ ಎತ್ತಿದ ಕೂಡಲೇ ನಿಲ್ಲಿಸಲು ಕೇಳಿಕೊಳ್ಳಿ. ಇಂಜೆಕ್ಷನ್ನಿನ ನಂತರ ಎದೆ ಡವಗುಟ್ಟುವುದು ಬಹುಮಟ್ಟಿಗೆ ಅದರಲ್ಲಿರುವ ಅಡ್ರಿನಲಿನ್‌ನಿಂದ. ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ.

ಸದಸ್ಯರು, ತುಮಕೂರು: ಲವಂಗದ ಎಣ್ಣೆ ಹಚ್ಚಬಹುದೇ?

ದಂತವೈದ್ಯೆ: ಹತ್ತಿಯಲ್ಲಿ ಒಂದು ಹನಿ, ಹುಳುಕಿನ ಕುಳಿಗೆ ಮಾತ್ರ. ಒಸಡಿಗೆ ತಾಗಿದರೆ ಸುಡುತ್ತದೆ.

ಸದಸ್ಯರು, ಶಿವಮೊಗ್ಗ: ರೂಟ್ ಕೆನಾಲ್‌ಗೆ ಎಷ್ಟು ಖರ್ಚಾಗುತ್ತದೆ?

ಸದಸ್ಯರು, ಚಿಕ್ಕಮಗಳೂರು: ನನಗೆ ಬಂದ ಸಂದೇಶವಿದು: ಕುಳಿಗೆ ಎಕ್ಕದ ಹಾಲು ಬಿಟ್ಟರೆ ಹುಳು ಸತ್ತು ಬೀಳುತ್ತದೆ, ಹಲ್ಲು ಕೀಳಿಸಬೇಕಿಲ್ಲ.

ದಂತವೈದ್ಯೆ: ಹಲ್ಲಿನಲ್ಲಿ ಹುಳುವೇ ಇರುವುದಿಲ್ಲ. ಸಕ್ಕರೆ ತಿಂದ ಬ್ಯಾಕ್ಟೀರಿಯಾಗಳು ಬಿಡುವ ಆಮ್ಲದಿಂದ ಹಲ್ಲು ಕರಗಿ ಕುಳಿಯಾಗುತ್ತದೆ. ಎಕ್ಕದ ಹಾಲು ಬಾಯಿಯ ಒಳಪದರವನ್ನು ಸುಡುತ್ತದೆ. ಬೆರಳಿಗಂಟಿದ್ದು ಕಣ್ಣಿಗೆ ತಾಗಿದರೆ ದೃಷ್ಟಿಗೂ ಅಪಾಯ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೊತ್ತಿ ಇಡುವವರಿದ್ದಾರೆ. ಆ ಜಾಗ ಬೆಳ್ಳಗೆ ಬೆಂದು ಸುಲಿಯುತ್ತದೆ. ಇಂಥವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.

ಸದಸ್ಯರು, ಚಿಕ್ಕಮಗಳೂರು: ಹಿರಿಯರು ತಲೆತಲಾಂತರದಿಂದ ಬಳಸಿದ್ದು ಸುಳ್ಳಾಗುತ್ತದೆಯೇ?

ಸದಸ್ಯೆ, ಮೈಸೂರು: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂದು ಕಳೆದ ವಾರ ಬರೆದವರೂ ನೀವೇ. ಅದನ್ನು ನಂಬಿ ನನ್ನ ಅತ್ತೆಯವರು ಹಲ್ಲು ತೋರಿಸಲು ಒಪ್ಪುತ್ತಿಲ್ಲ.

ಸದಸ್ಯರು, ಚಿಕ್ಕಮಗಳೂರು: ನಿಮ್ಮ ಅತ್ತೆಯವರ ಹಠಕ್ಕೆ ನಾನು ಹೊಣೆಯಲ್ಲ. ಮರ್ಯಾದೆಯಿಂದ ಬರೆಯಿರಿ.

ಸದಸ್ಯೆ, ಮೈಸೂರು: ಮೊದಲು ಆ ಸಂದೇಶವನ್ನು ಅಳಿಸಿ, ಆಮೇಲೆ ಮರ್ಯಾದೆಯ ಮಾತಾಡಿ.

ದಂತವೈದ್ಯೆ: ಹಲ್ಲು ಕೀಳಿಸುವುದರಿಂದ ದೃಷ್ಟಿ ಹೋಗುವುದಿಲ್ಲ. ಈ ಜಗಳವನ್ನು ಇಲ್ಲಿಗೆ ನಿಲ್ಲಿಸಿ, ಧಾರವಾಡದವರ ಉತ್ತರ ಮರೆಯಾಗಬಾರದು.

ಸದಸ್ಯರು, ಹಾಸನ: ಹಿಂದೆ ಕೊಟ್ಟಿದ್ದ ಆಂಟಿಬಯೋಟಿಕ್ ಉಳಿದಿದೆ, ನುಂಗಲೇ?

ದಂತವೈದ್ಯೆ: ಬೇಡ.

ಸದಸ್ಯೆ, ಉಡುಪಿ: ಒಸಡಿಗೆ ಲವಂಗದ ಎಣ್ಣೆ ಹಚ್ಚಬಹುದೇ?

ದಂತವೈದ್ಯೆ: ಮೇಲೆ ಬರೆದಿದ್ದೇನೆ, ಓದಿಕೊಳ್ಳಿ. ಧಾರವಾಡದವರೇ, ಅವರಿಗೆ ನುಂಗಲು ಆಗುತ್ತಿದೆಯೇ?

ಸದಸ್ಯೆ, ಧಾರವಾಡ: ಬೆಳಗಿನಿಂದ ಗಂಜಿಯೂ ಇಳಿಯುತ್ತಿಲ್ಲ, ಮಾತು ಅಸ್ಪಷ್ಟವಾಗಿದೆ. ಆದರೂ ನಾಳೆ ನೋಡೋಣ ಎನ್ನುತ್ತಿದ್ದಾರೆ.

ದಂತವೈದ್ಯೆ: ನಾಳೆಯವರೆಗೆ ಬೇಡ, ಈಗಲೇ ತುರ್ತು ವಿಭಾಗಕ್ಕೆ ಹೊರಡಿ. ದಾರಿಯಲ್ಲಿ ಮಲಗಿಸದೆ ಕೂರಿಸಿಯೇ ಕರೆದೊಯ್ಯಿರಿ, ಬಾವಿಗೆ ಬಿಸಿ ಶಾಖ ಕೊಡಬೇಡಿ. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅಲ್ಲಿ ಮೊದಲೇ ತಿಳಿಸಿ. ತಲುಪಿದ ಕೂಡಲೇ ನನಗೆ ಬರೆಯಿರಿ.